ಬಳ್ಳ, ಕೊಳಗ, ಲೀಟರು : ಚಿಕ್ಕಬಳ್ಳಾಪುರ ಸೀಮೆಯ ಅಳತೆಗಳ ವಿಚಾರ

ದೊಡ್ಡಬಳ್ಳಾಪುರದ ಹೆಸರಿನ ವಿಷಯವಾಗಿ ಒಂದು ಐತಿಹ್ಯವುಂಟು. ಆ ಊರು ಹುಟ್ಟುವುದಕ್ಕೆ ಮುಂಚೆ ಹಸುವೊಂದು ಅಲ್ಲಿನ ಹುತ್ತದ ಮೇಲೆ ಒಂದು ಬಳ್ಳದಷ್ಟು ಹಾಲನ್ನು ಸುರಿಸುತ್ತಿದ್ದಿತೆಂದೂ, ಆ ಕಾರಣದಿಂದ ಸ್ಥಳಕ್ಕೆ ಬಳ್ಳಾಪುರವೆಂಬ ಹೆಸರು ಬಂದಿತೆಂದೂ ಹಿರಿಯರು ಹೇಳುವರು. ಬಿ. ಎಲ್. ರೈಸ್ ಮಹಾಶಯರು ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಈ ಕಥೆಯನ್ನು ಸಂಗ್ರಹಿಸಿದ್ದಾರೆ. ಅದೇ ಹೆಸರನ್ನು ಹೊತ್ತ ಕಿರಿಯ ಊರು ಚಿಕ್ಕಬಳ್ಳಾಪುರ. ಕಥೆಯು ಚರಿತ್ರೆಯೋ ಕಲ್ಪನೆಯೋ ಎಂಬ ಚರ್ಚೆ ಹಾಗಿರಲಿ. ಅಳೆಯುವ ಪಾತ್ರೆಯೊಂದರ ಹೆಸರನ್ನು ಊರಿನ ಹೆಸರಿನಲ್ಲಿಯೇ ಕೇಳುವಷ್ಟರ ಮಟ್ಟಿಗೆ ಈ ಸೀಮೆಯ ಜನರ ಬಾಳು ಅಳತೆಯೊಡನೆ ಹೆಣೆದುಕೊಂಡಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಬಳ್ಳವೆಂಬುದು ಇಂದಿನ ಲೆಕ್ಕದಲ್ಲಿ ಎಷ್ಟು ಲೀಟರು ಎಂದು ಕೇಳಿದರೆ ಒಂದೇ ಮಾತಿನ ಉತ್ತರ ದೊರೆಯದು. ಏಕೆ ದೊರೆಯದೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಇದು ಕೇವಲ ಕುತೂಹಲದ ವಿಷಯವಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಹಳೆಯ ಮನೆತನಗಳಲ್ಲಿ ಗುತ್ತಿಗೆಯ ಕರಾರುಗಳು, ವಿಭಾಗಪತ್ರಗಳು, ದೇವಸ್ಥಾನದ ಪಡಿತರದ ಲೆಕ್ಕಗಳು ಇಂದಿಗೂ ಪೆಟ್ಟಿಗೆಯ ತಳದಲ್ಲಿ ಉಳಿದಿರುವುದುಂಟು. ಅವುಗಳಲ್ಲಿ 'ಇಷ್ಟು ಖಂಡುಗ ಬತ್ತ', 'ಇಷ್ಟು ಕೊಳಗ ರಾಗಿ' ಎಂದು ಬರೆದಿರುವುದನ್ನು ಕಂಡ ಮೊಮ್ಮಗನು, ಸಿದ್ಧವಾದ ಒಂದು ಕೋಷ್ಟಕವನ್ನು ಹಿಡಿದು ಗುಣಿಸಿ, ಇಷ್ಟು ಲೀಟರು, ಇಷ್ಟು ಕಿಲೋಗ್ರಾಂ ಎಂದು ನಿರ್ಣಯಿಸಿಬಿಡುವನು. ಗುಣಾಕಾರವು ಸರಿಯಾಗಿಯೇ ಇರಬಹುದು. ಫಲವು ಮಾತ್ರ ನಿಜದ ಇಮ್ಮಡಿಯಾಗಿರಬಹುದು, ಇಲ್ಲವೆ ಅರ್ಧವಾಗಿರಬಹುದು.

ಮೊದಲು ಅಳತೆಯ ಸೋಪಾನವನ್ನು ನೋಡಬಹುದು. ಹಳೆಯ ಮೈಸೂರಿನಲ್ಲಿ ದವಸವನ್ನಳೆಯುವ ಕ್ರಮವು ಸಾಮಾನ್ಯವಾಗಿ ಹೀಗಿದ್ದಿತು: ನಾಲ್ಕು ಚಟಾಕು ಒಂದು ಪಾವು, ಎರಡು ಪಾವು ಒಂದು ಅಚ್ಚೇರು, ಎರಡು ಅಚ್ಚೇರು ಒಂದು ಸೇರು, ಎರಡು ಸೇರು ಒಂದು ಬಳ್ಳ, ನಾಲ್ಕು ಬಳ್ಳ ಒಂದು ಕೊಳಗ, ಇಪ್ಪತ್ತು ಕೊಳಗ ಒಂದು ಖಂಡುಗ. ನೂರು ಸೇರಿಗೆ ಒಂದು ಪಲ್ಲವೆಂಬ ವ್ಯವಹಾರವೂ ಉಂಟು. ಪಾವು ಎಂಬುದು ಸಂಸ್ಕೃತದ ಪಾದಶಬ್ದದ ಸಂತತಿ. ಕಾಲುಭಾಗವೆಂದೇ ಅದರ ಅರ್ಥ. ಖಂಡುಗವನ್ನುಳಿದು ಮಿಕ್ಕವೆಲ್ಲವೂ ಎರಡರಿಂದಲೂ ನಾಲ್ಕರಿಂದಲೂ ಬೆಳೆಯುವ ಸಂಖ್ಯೆಗಳೆಂಬುದನ್ನು ವಾಚಕರು ಗಮನಿಸಬೇಕು. ಅಕ್ಷರ ಬಾರದವನೂ ಒಂದು ರಾಶಿಯನ್ನು ಎರಡು ಸಮಭಾಗ ಮಾಡಬಲ್ಲನು. ಅದನ್ನು ಮತ್ತೆ ಎರಡು ಮಾಡಬಲ್ಲನು. ಹತ್ತು ಸಮಭಾಗ ಮಾಡುವುದು ಅಷ್ಟು ಸುಲಭವಲ್ಲ.

ಈ ನಾಲ್ಕು ತಾಲ್ಲೂಕುಗಳು ತೆಲುಗುನಾಡಿನ ಗಡಿಗೆ ಸಮೀಪವಾಗಿರತಕ್ಕವು. ಗೌರಿಬಿದನೂರಿನ ಉತ್ತರಕ್ಕೆ ಹಿಂದೂಪುರ. ಚಿಂತಾಮಣಿಯ ಪೂರ್ವಕ್ಕೆ ಮದನಪಲ್ಲಿಯ ದಾರಿ. ಆದುದರಿಂದ ಇಲ್ಲಿನ ಸಂತೆಗಳಲ್ಲಿ ಕನ್ನಡದ ಸೋಪಾನದ ಪಕ್ಕದಲ್ಲಿಯೇ ತೆಲುಗಿನ ಸೋಪಾನವೂ ಕಿವಿಗೆ ಬೀಳತಕ್ಕದ್ದಾಗಿದ್ದಿತು. ಅಲ್ಲಿ ನಾಲ್ಕು ಗಿದ್ದೆ ಒಂದು ಸೋಲ, ಎರಡು ಸೋಲ ಒಂದು ತವ್ವ, ಎರಡು ತವ್ವ ಒಂದು ಮಾನಿಕ. ಮೇಲೆ ನಾಲ್ಕು ಕುಂಚ ಒಂದು ತೂಮು, ಇಪ್ಪತ್ತು ತೂಮು ಒಂದು ಪುಟ್ಟಿ. ಇಪ್ಪತ್ತು ಕೊಳಗಕ್ಕೆ ಖಂಡುಗ, ಇಪ್ಪತ್ತು ತೂಮಿಗೆ ಪುಟ್ಟಿ ಎಂಬ ಸಾಮ್ಯದಿಂದ ಎರಡು ನಾಡುಗಳ ಲೆಕ್ಕದ ಬುದ್ಧಿ ಒಂದೇ ಎಂಬುದು ವಿಶದವಾಗುವುದು. ಆದರೆ ಬುದ್ಧಿ ಒಂದಾದ ಮಾತ್ರಕ್ಕೆ ಪಾತ್ರೆ ಒಂದಾಗಲಿಲ್ಲ.

ಇದೇ ಮೊದಲನೆಯ ತೊಡಕು. ಎಂಟು ಸೇರಿನ ಕೊಳಗವು ವಾಡಿಕೆಯಲ್ಲಿದ್ದಂತೆಯೇ ಕೆಲವು ಕಡೆಗಳಲ್ಲಿ ಹದಿನಾರು ಸೇರಿನ ಕೊಳಗವೂ ಇದ್ದಿತು. ಮೊದಲನೆಯದರಲ್ಲಿ ಖಂಡುಗಕ್ಕೆ ೧೬೦ ಸೇರು. ಎರಡನೆಯದರಲ್ಲಿ ೩೨೦ ಸೇರು. ಹೆಸರೊಂದೇ, ಬರೆವಣಿಗೆಯೊಂದೇ, ಮೊತ್ತ ಮಾತ್ರ ಇಮ್ಮಡಿ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ೧೮೦೭ರಲ್ಲಿ ತನ್ನ ಪ್ರವಾಸಗ್ರಂಥವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕನನ್ನನು ಕೋಲಾರ, ಚಿಕ್ಕಬಳ್ಳಾಪುರಗಳ ಮಾರ್ಗವಾಗಿಯೂ ಹಾದುಹೋದನು. ಒಂದೇ ಅಳತೆ ಎಲ್ಲೆಡೆಯಲ್ಲಿಯೂ ಸಲ್ಲುವುದೆಂದು ನಂಬದೆ, ತಾನು ತಂಗಿದ ಸ್ಥಳಗಳ ಅಳತೆಗಳನ್ನು ವಿಚಾರಿಸಿ ಅವನ್ನು ಇಂಗ್ಲಿಷರ ಬುಷೆಲ್ಲಿಗೆ ಇಳಿಸಿ ಬರೆದನು. ಆ ಬರೆಹವನ್ನು ಇಂದು ಉಪಯೋಗಿಸುವವರು ಮತ್ತೊಂದು ಎಚ್ಚರವನ್ನು ವಹಿಸಬೇಕು. ಬುಕನನ್ನನ ಕಾಲದ ಬುಷೆಲ್ಲು ವಿಂಚೆಸ್ಟರ್ ಬುಷೆಲ್ಲು, ಅಂದರೆ ಸುಮಾರು ೩೫.೨೪ ಲೀಟರು. ೧೮೨೪ರ ಕಾನೂನಿನಿಂದ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಇಂಪೀರಿಯಲ್ ಬುಷೆಲ್ಲು ಸುಮಾರು ೩೬.೩೭ ಲೀಟರು. ಪರೀಕ್ಷೆಯಿಲ್ಲದೆ ಎರಡನೆಯದನ್ನು ಹಿಡಿದರೆ ನೂರಕ್ಕೆ ಮೂರರಷ್ಟು ತಪ್ಪು ಮೊದಲ ಹೆಜ್ಜೆಯಲ್ಲಿಯೇ ಸೇರಿಕೊಳ್ಳುವುದು. ಅಳತೆಯನ್ನು ಅಳೆಯಲು ತಂದ ಅಳತೆಯೂ ಕಾಲದೊಡನೆ ಬದಲಾಯಿತೆಂದಾಯಿತು.

ಎರಡನೆಯ ತೊಡಕು ತೂಕಕ್ಕೂ ಅಳತೆಗೂ ಹೆಸರು ಒಂದೇ ಆಗಿದ್ದುದು. ಸೇರೆಂಬುದು ರಾಗಿಯನ್ನಳೆಯುವ ಪಾತ್ರೆ. ಬೆಲ್ಲವನ್ನೂ ಹುಣಿಸೆಯನ್ನೂ ತೂಗುವ ಕಲ್ಲೂ ಸೇರೇ. ತೂಕದಲ್ಲಿ ಮತ್ತೆ ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದವುಂಟು. ಕಚ್ಚಾ ಸೇರಿಗೆ ೨೪ ರೂಪಾಯಿ ತೂಕ. ೧೮೩೩ರಲ್ಲಿ ಕಂಪನಿಯ ಸರ್ಕಾರವು ತೊಲವನ್ನು ೧೮೦ ಗ್ರೇನೆಂದು ಗೊತ್ತುಮಾಡಿತು. ಬೆಳ್ಳಿಯ ರೂಪಾಯಿಗೂ ಅದೇ ತೂಕ. ಒಂದು ತೊಲವು ಇಂದಿನ ೧೧.೬೬೪ ಗ್ರಾಂ ಆದುದರಿಂದ ಕಚ್ಚಾ ಸೇರು ಸುಮಾರು ೨೮೦ ಗ್ರಾಂ ಆಗುವುದು. ೮೦ ತೊಲದ ಸೇರು ಸುಮಾರು ೯೩೩ ಗ್ರಾಂ ಆಗುವುದು. ನಾಲ್ವತ್ತು ಕಚ್ಚಾ ಸೇರಿನ ಮಣವು ಸುಮಾರು ೧೧.೨ ಕಿಲೋಗ್ರಾಂ, ನಾಲ್ವತ್ತು ೮೦ ತೊಲದ ಸೇರಿನ ಮಣವು ಸುಮಾರು ೩೭.೩ ಕಿಲೋಗ್ರಾಂ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕೋಲಾರದಿಂದ ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ ಕಿರುಹಳಿಯ ರೈಲು ಬಂದಿತು. ಇಂಡಿಯದ ರೈಲ್ವೆಗಳ ಮಣವು ೮೦ ತೊಲದ ಸೇರಿನದು; ಪೇಟೆಯ ಮಣವು ೨೪ ತೊಲದ ಸೇರಿನದು. ಮೂರೂ ಮೂರನೆಯ ಒಂದು ಪಾಲು ಪೇಟೆಯ ಮಣ ಸೇರಿದರೆ ರೈಲಿನ ಒಂದು ಮಣ. ಪಾತ್ರೆಯಿಂದಳೆದು ಕೊಂಡ ದವಸವನ್ನು ಮೂಟೆಕಟ್ಟಿ ತೂಕದ ಮೇಲೆ ಸಾಗಿಸುವ ವರ್ತಕನು ಈ ಮೂರು ಲೆಕ್ಕಗಳನ್ನೂ ಬಾಯಲ್ಲಿಟ್ಟುಕೊಂಡಿರಬೇಕಾಗಿದ್ದಿತು.

ಖಂಡುಗದ ಕಥೆಯೂ ಇದಕ್ಕೆ ಕಡಮೆಯದಲ್ಲ. ಇಪ್ಪತ್ತು ಕೊಳಗದ ದವಸವು ಖಂಡುಗವಾದಂತೆ ಇಪ್ಪತ್ತು ಮಣದ ತೂಕವು ಖಂಡಿಯಾಯಿತು. ಇದನ್ನೇ ಇಂಗ್ಲಿಷರು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ಕ್ಯಾಂಡಿ ಎಂದರು. ಅಷ್ಟೇ ಅಲ್ಲದೆ ಖಂಡುಗವೂ ಕೊಳಗವೂ ಭೂಮಿಯ ಅಳತೆಗಳೂ ಆಗಿದ್ದವು. ಕನ್ನಡನಾಡಿನ ಶಾಸನಗಳಲ್ಲಿ 'ಖಂಡುಗ ಗದ್ದೆ', 'ಕೊಳಗ ಗದ್ದೆ' ಎಂಬ ಮಾತುಗಳು ಹೇರಳವಾಗಿ ಕಾಣಬರುತ್ತವೆ. ಕೋಲಾರ ಜಿಲ್ಲೆಯ ಶಾಸನಗಳನ್ನೊಳಗೊಂಡ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವು ೧೯೦೫ರಲ್ಲಿ ಹೊರಬಂದಿತು; ಈ ನಾಲ್ಕು ತಾಲ್ಲೂಕುಗಳ ಶಾಸನಗಳನ್ನು ಅದರಲ್ಲಿಯೇ ನೋಡಬೇಕು. ಅಲ್ಲಿ ಖಂಡುಗವೆಂದರೆ ಬೆಳೆಯ ಮೊತ್ತವಲ್ಲ. ಅಷ್ಟು ಬಿತ್ತನೆಯ ಬೀಜವನ್ನು ಹಿಡಿಯುವ ನೆಲ. ನೀರಾವರಿಯ ಗದ್ದೆಯಲ್ಲಿ ಬೀಜವು ಒತ್ತಾಗಿ ಬೀಳುವುದರಿಂದ ಖಂಡುಗದ ನೆಲವು ಕಿರಿದು. ಹೊಲದಲ್ಲಿ ಬೀಜವು ವಿರಳವಾಗಿ ಬೀಳುವುದರಿಂದ ಅದೇ ಖಂಡುಗದ ನೆಲವು ಬಹಳ ಹಿರಿದು. ೧೮೬೦ರ ದಶಕದಲ್ಲಿ ಆರಂಭವಾದ ಮೈಸೂರಿನ ಕಂದಾಯದ ಸರ್ವೆಯು ಎಕರೆ ಗುಂಟೆಗಳನ್ನು ತಂದಮೇಲೆ ಈ ಬೀಜವರಿಯ ಲೆಕ್ಕವು ಕಾಗದದಿಂದ ಮರೆಯಾಯಿತು; ರೈತರ ಮಾತಿನಲ್ಲಿ ಮಾತ್ರ ಬಹುಕಾಲ ಉಳಿಯಿತು. ಆದುದರಿಂದ ಹಳೆಯ ಪತ್ರದಲ್ಲಿ 'ಐದು ಕೊಳಗ' ಎಂದಿದ್ದರೆ ಅದು ದವಸವೋ ನೆಲವೋ ಎಂಬುದನ್ನು ಮೊದಲು ತಿಳಿಯಬೇಕು. ನೆಲವಾದರೆ ಅದಕ್ಕೆ ಲೀಟರಿನ ಸೋಂಕೇ ಇಲ್ಲ.

ಮೂರನೆಯ ತೊಡಕು ಎಲ್ಲಕ್ಕಿಂತಲೂ ಸೂಕ್ಷ್ಮವಾದುದು. ಪಾತ್ರೆ ಗೊತ್ತಾದರೂ ತುಂಬುವ ರೀತಿ ಗೊತ್ತಾಗಬೇಕು. ಬಾಯಿಮಟ್ಟಕ್ಕೆ ಕೋಲುಹಾಯಿಸಿ ಸಮಮಾಡಿ ಅಳೆಯುವುದೊಂದು ರೀತಿ. ಮೇಲೆ ಶಿಖೆಯೇಳುವಂತೆ ಸುರಿದು ಅಳೆಯುವುದು ಇನ್ನೊಂದು. ಕೌಟಿಲ್ಯನ ಅರ್ಥಶಾಸ್ತ್ರವು ತುಲಾಮಾನದ ಪ್ರಕರಣದಲ್ಲಿ ಈ ಶಿಖೆಯ ವಿಷಯವನ್ನು ಮರೆತಿಲ್ಲ. ಮಾನಪಾತ್ರೆಗಳನ್ನು ಒಣಗಿದ ಗಟ್ಟಿಮರದಿಂದ ಮಾಡಿಸಬೇಕೆಂದೂ ಶಿಖೆಯು ಮೊತ್ತದ ಕಾಲುಭಾಗವಾಗಿರಬೇಕೆಂದೂ ಅದು ವಿಧಿಸುತ್ತದೆ. ಶಿಖೆ ಎಷ್ಟಾಗುವುದೆಂಬುದನ್ನು ಭಾಸ್ಕರಾಚಾರ್ಯರ ಲೀಲಾವತಿಯ ಸಹಾಯದಿಂದ ಯಾವ ವಿದ್ಯಾರ್ಥಿಯೂ ಲೆಕ್ಕಮಾಡಬಹುದು. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ರಚಿತವಾದ ಆ ಗ್ರಂಥದ ರಾಶಿವ್ಯವಹಾರದಲ್ಲಿ, ನೆಲದ ಮೇಲೆ ಸುರಿದ ದವಸದ ರಾಶಿಯ ಎತ್ತರವು ದಪ್ಪಕಾಳಿಗೆ ಸುತ್ತಳತೆಯ ಹತ್ತನೆಯ ಒಂದು ಭಾಗವೆಂದೂ, ಸಣ್ಣಕಾಳಿಗೆ ಹನ್ನೊಂದನೆಯ ಒಂದು ಭಾಗವೆಂದೂ, ಬತ್ತದಂತಹ ಶೂಕಧಾನ್ಯಕ್ಕೆ ಒಂಬತ್ತನೆಯ ಒಂದು ಭಾಗವೆಂದೂ ಹೇಳಿದೆ. ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ರಾಶಿಯ ಘನಫಲ. ಸುತ್ತಳತೆ ೬೦ ಮೊಳದ ದಪ್ಪಕಾಳಿನ ರಾಶಿಗೆ ಎತ್ತರ ೬. ೬೦ರ ಆರನೆಯ ಒಂದು ಭಾಗ ೧೦, ಅದರ ವರ್ಗ ೧೦೦. ಫಲ ೬೦೦ ಘನಹಸ್ತ.

ಈ ಸೂತ್ರವನ್ನೇ ಅಳತೆಯ ಪಾತ್ರೆಯ ಬಾಯಮೇಲಿನ ಶಿಖೆಗೆ ಹೊಂದಿಸಬಹುದು. ಪರಿಧಿಯನ್ನು ವ್ಯಾಸದ ಮೂರರಷ್ಟೆಂದು ಸ್ಥೂಲವಾಗಿ ಹಿಡಿದರೆ, ಎತ್ತರವೂ ಬಾಯಿಯ ಅಗಲವೂ ಸಮವಾಗಿರುವ ದುಂಡುಪಾತ್ರೆಯಲ್ಲಿ ಬತ್ತದ ಶಿಖೆಯು ಪಾತ್ರೆಯೊಳಗಿನ ಮೊತ್ತದ ಒಂಬತ್ತನೆಯ ಒಂದು ಭಾಗವಾಗುವುದು. ಎತ್ತರವು ಅಗಲದ ಅರ್ಧದಷ್ಟೇ ಇರುವ ತಗ್ಗುಪಾತ್ರೆಯಲ್ಲಿ ಅದೇ ಶಿಖೆಯು ಒಂಬತ್ತರಲ್ಲಿ ಎರಡು ಭಾಗವಾಗುವುದು. ಎರಡು ಪಾತ್ರೆಗಳೂ ಬಾಯಿಮಟ್ಟಕ್ಕೆ ಅಳೆದಾಗ ಒಂದೇ ಕೊಳಗ. ಸರ್ಕಾರದ ಮುದ್ರೆ ಎರಡಕ್ಕೂ ಬೀಳಬಹುದು. ಆದರೆ ಒಂದು ಖಂಡುಗ ಬತ್ತವನ್ನು ಶಿಖೆಯೊಡನೆ ಅಳೆದರೆ ಎತ್ತರದ ಪಾತ್ರೆಯಲ್ಲಿ ಸುಮಾರು ಎರಡೂಕಾಲು ಕೊಳಗವೂ ತಗ್ಗಿನ ಪಾತ್ರೆಯಲ್ಲಿ ಸುಮಾರು ನಾಲ್ಕೂವರೆ ಕೊಳಗವೂ ಹೆಚ್ಚಾಗಿ ಹೋಗುವುದು. ಕಾಳನ್ನು ಒತ್ತಿ ತುಂಬುವುದು, ಪಾತ್ರೆಯನ್ನು ಕುಲುಕುವುದು, ಎತ್ತರದಿಂದ ಸುರಿಯುವುದು ಇವುಗಳಿಂದಾಗುವ ವ್ಯತ್ಯಾಸ ಬೇರೆಯೇ ಇರುತ್ತದೆ.

ಈ ವ್ಯತ್ಯಾಸದ ಹೊರೆಯು ಯಾರ ಮೇಲೆ ಬೀಳುವುದು? ಕೊಳಗವನ್ನು ಕೈಯಲ್ಲಿ ಹಿಡಿದವನ ಮೇಲಂತೂ ಅಲ್ಲ. ಬಿತ್ತನೆಯ ಕಾಲದಲ್ಲಿ ದವಸವನ್ನು ಸಾಲ ತಂದು ಸುಗ್ಗಿಯಲ್ಲಿ ಹಿಂದಕ್ಕಳೆಯುವ ರೈತನು, ವಾರಕ್ಕೆ ಉಳುವ ಒಕ್ಕಲು, ಕೂಲಿಯನ್ನು ಕಾಳಿನಲ್ಲಿ ಪಡೆಯುವ ಆಳು, ಕಣದಲ್ಲಿ ತಮ್ಮ ಆಯಕ್ಕಾಗಿ ಕಾದುನಿಂತ ಕಮ್ಮಾರ ಬಡಗಿ ನೀರುಗಂಟಿಗಳು — ಇವರೆಲ್ಲರೂ ಇನ್ನೊಬ್ಬರ ಕೈಯ ಅಳತೆಗೆ ಒಳಗಾದವರು. ಕಣದಲ್ಲಿ ಮೊದಲನೆಯ ಕೊಳಗವನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುವ ಸಂಪ್ರದಾಯವುಂಟು. ಆ ಮಂಗಳವಚನವು ಅಳೆಯುವವನಿಗೂ ಅಳೆಸಿಕೊಳ್ಳುವವನಿಗೂ ಸಮನಾಗಿ ಫಲಿಸುತ್ತಿದ್ದಿತೇ ಎಂಬುದು ಪಾತ್ರೆಯ ಆಕಾರವನ್ನೂ ಕೈಯ ಧರ್ಮವನ್ನೂ ಅವಲಂಬಿಸಿದ ವಿಷಯ.

ಇದು ಹಳ್ಳಿಯ ಸಾಹುಕಾರನ ಕುಯುಕ್ತಿ ಮಾತ್ರವೆಂದು ಭಾವಿಸಬಾರದು. ಅರ್ಥಶಾಸ್ತ್ರದಲ್ಲಿಯೇ ದ್ರೋಣವೆಂಬ ಒಂದು ಮಾನಕ್ಕೆ ನಾಲ್ಕು ಪ್ರಮಾಣಗಳು ಉಕ್ತವಾಗಿವೆ. ರಾಜನ ಆದಾಯಕ್ಕೆ ಅಳೆಸಿಕೊಳ್ಳುವ ದ್ರೋಣವು ೨೦೦ ಪಲ. ವ್ಯವಹಾರದ್ದು ೧೮೭½ ಪಲ. ಭೃತ್ಯರಿಗೆ ಅಳೆದುಕೊಡುವುದು ೧೭೫ ಪಲ. ಅಂತಃಪುರಕ್ಕೆ ಅಳೆಯುವುದು ೧೬೨½ ಪಲ. ಹದಿಮೂರು ಆದಾಯದ ದ್ರೋಣಗಳು ಹದಿನಾರು ಅಂತಃಪುರದ ದ್ರೋಣಗಳಿಗೆ ಸರಿಸಮಾನ. ತೆಗೆದುಕೊಳ್ಳುವಾಗ ದೊಡ್ಡದು, ಕೊಡುವಾಗ ಚಿಕ್ಕದು ಎಂಬ ನೀತಿ ರಾಜಭಂಡಾರದಷ್ಟು ಪುರಾತನವಾದುದು. ಶಾಸ್ತ್ರಕಾರನು ಅದನ್ನು ಮರೆಮಾಡದೆ ಅಂಕೆಗಳಲ್ಲಿ ಬರೆದಿಟ್ಟನೆಂಬುದೇ ವಿಶೇಷ. ಹಳ್ಳಿಯಲ್ಲಿ ಅದು ಬರೆಹಕ್ಕೆ ಇಳಿಯಲಿಲ್ಲ.

ಅಳತೆಯನ್ನು ಕೈಯಿಂದಲೂ ಪಾತ್ರೆಯಿಂದಲೂ ಬಿಡಿಸಿ ಒಂದು ಸ್ಥಿರವಾದ ಮೂಲಕ್ಕೆ ಕಟ್ಟಬೇಕೆಂಬ ಯೋಚನೆಯೂ ಈ ದೇಶಕ್ಕೆ ಹೊಸದಲ್ಲ. ಲೀಲಾವತಿಯ ಪರಿಭಾಷೆಯಲ್ಲಿ ಉದ್ದ, ಅಗಲ, ಆಳ ಮೂರೂ ಒಂದೊಂದು ಹಸ್ತವಿರುವ ಘನವೇ ಮಾಗಧ ಖಾರಿ. ಅದರ ಹದಿನಾರನೆಯ ಒಂದು ಭಾಗ ದ್ರೋಣ. ಅಲ್ಲಿಂದ ಕೆಳಗೆ ಆಢಕ, ಪ್ರಸ್ಥ, ಕುಡವಗಳು ನಾಲ್ಕನೆಯ ಒಂದೊಂದು ಭಾಗ. ಉದ್ದದ ಮಾನದಿಂದ ಘನದ ಮಾನವನ್ನು ಹುಟ್ಟಿಸುವ ಈ ಮಾರ್ಗವೇ ಲೀಟರಿನ ಮಾರ್ಗವೂ ಹೌದು. ಹಸ್ತವನ್ನು ೧೮ ಅಂಗುಲದ ಇಂಗ್ಲಿಷ್ ಮೊಳವೆಂದು ಹಿಡಿದರೆ ಖಾರಿಯು ಸುಮಾರು ೯೫.೬ ಲೀಟರೂ ಪ್ರಸ್ಥವು ಸುಮಾರು ೩೭೩ ಮಿಲಿಲೀಟರೂ ಆಗುವುವು. ಆದರೆ ಹಸ್ತವು ೧೯ ಅಂಗುಲವಾದರೆ ಖಾರಿಯು ಆರನೆಯ ಒಂದು ಭಾಗಕ್ಕೂ ಮಿಕ್ಕಿ ಬೆಳೆದುಬಿಡುವುದು. ಮೂಲಮಾನದ ಅಲ್ಪದೋಷವು ಘನದಲ್ಲಿ ಮುಮ್ಮಡಿಯಾಗಿ ಕಾಣುವುದೆಂಬ ಪಾಠವಿದು. ಸೂತ್ರವಿದ್ದಿತು, ಎಲ್ಲರೂ ಒಪ್ಪಿ ಕಾಯ್ದಿಟ್ಟ ಒಂದೇ ಹಸ್ತವಿರಲಿಲ್ಲ.

ಫ್ರಾನ್ಸ್ ದೇಶದ ಕ್ರಾಂತಿಯ ಕಾಲದಲ್ಲಿ ಆ ಕೊರತೆಯನ್ನು ನೀಗುವ ಯತ್ನ ನ��ೆಯಿತು. ೧೭೯೫ರ ಏಪ್ರಿಲ್‌ನ ಕಾನೂನು ಮೀಟರಿನ ಹತ್ತನೆಯ ಒಂದು ಭಾಗದ ಘನವನ್ನು ಲೀಟರೆಂದು ಕರೆಯಿತು. ಜನರು ಅದನ್ನು ಕೂಡಲೆ ಒಪ್ಪಲಿಲ್ಲ. ೧೮೧೨ರಲ್ಲಿ ನೆಪೋಲಿಯನ್ನನು ಹೊಸ ಮಾನಗಳಿಗೆ ಹೊಂದಿಸಿ ಹಳೆಯ ಹೆಸರಿನ ಅಳತೆಗಳನ್ನು ಚಿಲ್ಲರೆ ವ್ಯಾಪಾರಕ್ಕೆ ಬಿಟ್ಟುಕೊಡಬೇಕಾಯಿತು. ೧೮೪೦ರ ಜನವರಿ ೧ರಿಂದಲೇ ಮೆಟ್ರಿಕ್ ಪದ್ಧತಿ ಅಲ್ಲಿ ಕಡ್ಡಾಯವಾದುದು. ಲೀಟರೂ ಅಲುಗಾಡದೆ ನಿಲ್ಲಲಿಲ್ಲ. ೧೯೦೧ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವು ಒಂದು ಕಿಲೋಗ್ರಾಂ ನೀರು ಹಿಡಿಯುವ ಅವಕಾಶವೇ ಲೀಟರೆಂದು ಬದಲಾಯಿಸಿತು. ಅದು ಘನ ಡೆಸಿಮೀಟರಿಗಿಂತ ಹತ್ತು ಲಕ್ಷಕ್ಕೆ ಸುಮಾರು ೨೮ರಷ್ಟು ದೊಡ್ಡದಾಗಿ ಪರಿಣಮಿಸಿತು. ೧೯೬೪ರಲ್ಲಿ ಆ ನಿರ್ಣಯವನ್ನು ಬಿಟ್ಟು ಮೊದಲಿನ ಅರ್ಥಕ್ಕೇ ಹಿಂದಿರುಗಿದರು. ಹಾಲಿನ ಲೆಕ್ಕಕ್ಕೆ ಇದು ಏನೂ ಅಲ್ಲ. ಆದರೂ ದೋಷವನ್ನು ಅಳೆದು, ಬಹಿರಂಗವಾಗಿ ಸಾರಿ, ಎಲ್ಲರಿಗೂ ಒಟ್ಟಿಗೆ ತಿದ್ದುವ ಕ್ರಮವಿದೆಯಲ್ಲ, ಅದರಲ್ಲಿಯೇ ಹೊಸ ಮಾನದ ಹೆಚ್ಚಳ ಅಡಗಿರುವುದು.

ಇಂಡಿಯದಲ್ಲಿ ಈ ಕಾರ್ಯವು ೧೯೫೬ಕ್ಕೆ ಎಂಬತ್ತೈದು ವರ್ಷ ಮುಂಚೆಯೇ ನಡೆದುಹೋಗಬಹುದಾಗಿತ್ತು. ಲಾರ್ಡ್ ಮೇಯೋ ವೈಸರಾಯಿಯಾಗಿದ್ದ ಕಾಲದಲ್ಲಿ, ೧೮೭೧ರ ಕಾನೂನು ಸೇರೆಂಬ ದೇಶೀಯ ಹೆಸರನ್ನೇ ಉಳಿಸಿಕೊಂಡು, ಅದನ್ನು ಕಿಲೋಗ್ರಾಮಿಗೆ ಸಮಮಾಡಿ, ಅಂತಹ ಒಂದು ಸೇರು ನೀರು ಹಿಡಿಯುವ ಪಾತ್ರೆಯನ್ನೇ ಅಳತೆಯ ಮೂಲವನ್ನಾಗಿ ವಿಧಿಸಿತು. ಆ ಕಾನೂನು ಜಾರಿಗೆ ಬಂದಿದ್ದರೆ ಸೇರು, ಲೀಟರು ಎಂಬವು ಒಂದೇ ಪಾತ್ರೆಯ ಎರಡು ಹೆಸರುಗಳಾಗುತ್ತಿದ್ದವು. ಆದರೆ ೧೮೭೨ರ ಫೆಬ್ರವರಿಯಲ್ಲಿ ಮೇಯೋ ಅಂಡಮಾನಿನಲ್ಲಿ ಕೊಲೆಗೀಡಾದನು. ಕಾನೂನು ಪುಸ್ತಕದಲ್ಲಿಯೇ ಉಳಿಯಿತು. ಅನಂತರ ಬಂದ ೧೯೩೯ರ ಕಾನೂನು ೮೦ ತೊಲದ ಸೇರನ್ನು ಬ್ರಿಟಿಷ್ ಇಂಡಿಯದ ತೂಕಕ್ಕೆ ಗೊತ್ತುಪಡಿಸಿತೇ ಹೊರತು ಅಳತೆಯ ಪಾತ್ರೆಗಳನ್ನು ಮುಟ್ಟಲಿಲ್ಲ.

೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯವು ಉದಯಿಸಿದಾಗ ಐದು ಆಡಳಿತಗಳ ಅಳತೆಗಳು ಒಂದೇ ಸೂರಿನಡಿಗೆ ಬಂದವು. ಖಂಡುಗದ ನಾಡಿಗೆ ದಕ್ಷಿಣ ಕನ್ನಡದ ಮುಡಿ ಕಳಸಿಗೆಗಳೂ ಕೊಡಗಿನ ಭಟ್ಟಿಯೂ ಸೇರಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರದ ತೂಕ ಮತ್ತು ಅಳತೆಗಳ ಪ್ರಮಾಣದ ಕಾನೂನು ಅಂಗೀಕೃತವಾಯಿತು. ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಬಂದಿತು. ಅದೇ ವರ್ಷ ಇಂಡಿಯವು ಅಂತರರಾಷ್ಟ್ರೀಯ ಮೀಟರ್ ಒಪ್ಪಂದಕ್ಕೆ ಸೇರಿತು. ೧೯೫೮ರ ಅಕ್ಟೋಬರ್ ೧ರಿಂದ ಕೆಲವು ಕ್ಷೇತ್ರಗಳಲ್ಲಿ ಮೆಟ್ರಿಕ್ ತೂಕ ಮೊದಲಾಗಿ, ೧೯೬೦ರ ದಶಕದ ಆದಿಯ ವರ್ಷಗಳಲ್ಲಿ ತೂಕ ಅಳತೆಗಳೆರಡೂ ಹೊಸ ಪದ್ಧತಿಗೆ ತಿರುಗಿದವು. ಮೇಯೋವಿನ ಕಾನೂನಿನಂತೆ ಹಳೆಯ ಹೆಸರನ್ನು ಹೊಸ ಮಾನಕ್ಕೆ ತೊಡಿಸಲಿಲ್ಲ. ಲೀಟರು ಲೀಟರೆಂಬ ಹೆಸರಿನಿಂದಲೇ ಬಂದಿತು. ಇದು ವಿವೇಕದ ಕೆಲಸವೆನ್ನಬೇಕು. ಒಂದೇ ಹೆಸರಿಗೆ ಹಲವು ಪಾತ್ರೆಗಳಿದ್ದುದರಿಂದಲೇ ಇಷ್ಟು ಕಾಲ ಬಡವನಿಗೆ ನಷ್ಟವಾಗಿದ್ದಿತು. ಅದೇ ಹೆಸರಿಗೆ ಮತ್ತೊಂದು ಪಾತ್ರೆಯನ್ನು ಸೇರಿಸಿದ್ದರೆ ಗೊಂದಲ ಹೆಚ್ಚುತ್ತಿದ್ದಿತು.

ಆದರೂ ಪರಿವರ್ತನೆಯಲ್ಲಿ ಎರಡು ಬಿರುಕುಗಳು ಉಳಿದವು. ಮೊದಲನೆಯದು ಕಾಲಿನದು. ಹೊಸ ಅಳತೆಗಳು ಒಂದು, ಎರಡು, ಐದು ಎಂಬ ಕ್ರಮದಲ್ಲಿ ಬೆಳೆಯತಕ್ಕವು: ೧೦೦, ೨೦೦, ೫೦೦ ಮಿಲಿಲೀಟರು, ಆಮೇಲೆ ಲೀಟರು. ಕಾಲು ಲೀಟರಿಗೆ ಈ ಸಾಲಿನಲ್ಲಿ ಪ್ರತ್ಯೇಕವಾದ ಪಾತ್ರೆಯಿಲ್ಲ. ಕಾಲು ಕಿಲೋವಿಗೆ ಪ್ರತ್ಯೇಕವಾದ ಕಲ್ಲೂ ಇಲ್ಲ. ೨೦೦ಕ್ಕೆ ೫೦ನ್ನು ಸೇರಿಸಬೇಕು. ತಲೆತಲಾಂತರದಿಂದ ಪಾವಿನಲ್ಲಿ ಯೋಚಿಸಿದ ಗೃಹಿಣಿಗೆ ಇದು ಕೈಕಟ್ಟಿದಂತಾಗಿರಬೇಕು. ಆದಕಾರಣವೇ ಅಂಗಡಿಯಿಂದ ಪಾವು ಹೊರಟುಹೋದರೂ ಅಡಿಗೆಮನೆಯ ಅಕ್ಕಿಯ ಡಬ್ಬಿಯಿಂದ ಹೊರಡಲಿಲ್ಲ. 'ಒಂದು ಪಾವು ಅಕ್ಕಿಗೆ ಎರಡು ಪಾವು ನೀರು' ಎಂಬಲ್ಲಿ ಪಾವು ಎಷ್ಟಾದರೂ ಅನ್ನ ಕೆಡದು. ಅಲ್ಲಿ ಬೇಕಾದುದು ಪ್ರಮಾಣವಲ್ಲ, ಅನುಪಾತ. ಅಳತೆಯವನೂ ಉಣ್ಣುವವನೂ ಒಂದೇ ಮನೆಯವರಾಗಿರುವಲ್ಲಿ ಯಾವ ಪಾತ್ರೆಯೂ ಮೋಸಮಾಡದು.

ಎರಡನೆಯ ಬಿರುಕು ಇನ್ನೂ ಆಳವಾದುದು. ಕಾನೂನಿನ ಕೋಷ್ಟಕವು ಅಳತೆಯನ್ನು ಅಳತೆಗೂ ತೂಕವನ್ನು ತೂಕಕ್ಕೂ ತಿರುಗಿಸಿಕೊಡಬಲ್ಲದು. ಪೇಟೆಯಲ್ಲಿ ನಡೆದುದಾದರೋ ಬೇರೆ. ಪಾತ್ರೆಯಿಂದ ಅಳೆಯುತ್ತಿದ್ದ ದವಸವು ತಕ್ಕಡಿಗೆ ಏರಿತು. ಸೇರು ಲೀಟರಾಗಲಿಲ್ಲ, ಕಿಲೋ ಆಯಿತು. ಒಂದು ಲೀಟರಿನ ಪಾತ್ರೆಯಲ್ಲಿ ಅಕ್ಕಿ ಸುಮಾರು ೮೦೦ ಗ್ರಾಂ ಹಿಡಿದರೆ ಬತ್ತವು ಸುಮಾರು ೬೦೦ ಗ್ರಾಂ ಹಿಡಿಯುವುದು. ಕಾಳಿನ ಜಾತಿ, ಒಣಗಿದ ಹದ, ಹೊಟ್ಟಿನ ಅಂಶಗಳಿಂದ ಅದೂ ಹೆಚ್ಚುಕಡಮೆಯಾಗುವುದು. ಆದುದರಿಂದ ಒಂದು ಕೊಳಗಕ್ಕೆ ಇಷ್ಟು ಕಿಲೋ ಎಂಬ ಒಂದೇ ಅಂಕೆಯು ಎಲ್ಲ ದವಸಗಳಿಗೂ ಎಂದಿಗೂ ಸಲ್ಲದು. ಈ ಬದಲಾವಣೆಯಿಂದ ಶಿಖೆಯ ವ್ಯಾಜ್ಯವು ಕೊನೆಗಂಡಿತೆಂಬುದು ನಿಜವಾದ ಲಾಭ, ತಕ್ಕಡಿಗೆ ಶಿಖೆಯಿಲ್ಲ. ಕಾಳಿನ ತೇವಕ್ಕೆ ಮಾತ್ರ ಹೊಸದಾಗಿ ಬೆಲೆ ಬಂದಿತು.

ಈಗ ಹಳೆಯ ಪತ್ರವನ್ನು ಓದುವವರಿಗೆ ಕ್ರಮವೇನು? ಮೊದಲನೆಯದಾಗಿ, ಮಾತು ದವಸದ್ದೋ ತೂಕದ್ದೋ ನೆಲದ್ದೋ ಎಂಬುದನ್ನು ನಿಶ್ಚಯಿಸಬೇಕು. ಎರಡನೆಯದಾಗಿ, ಕೊಳಗಕ್ಕೆ ಎಂಟು ಸೇರೋ ಹದಿನಾರು ಸೇರೋ ಎಂಬುದನ್ನು ಅದೇ ಊರಿನ, ಅದೇ ಕಾಲದ ಬೇರೆ ಲೆಕ್ಕಗಳಿಂದ ಹುಡುಕಬೇಕು. ಜಮೆಯ ಕೊಳಗಗಳನ್ನು ಕೂಡಿಸಿ ಖಂಡುಗಕ್ಕೆ ಹೊಂದಿಸಿದರೆ ಅನೇಕ ವೇಳೆ ಪತ್ರವೇ ಉತ್ತರ ಹೇಳುವುದು. ಮೂರನೆಯದಾಗಿ, ಮನೆಯಲ್ಲಿ ಆ ಕಾಲದ ಸೇರಾಗಲಿ ಪಾವಾಗಲಿ ಉಳಿದಿದ್ದರೆ ಅದಕ್ಕೆ ಬಾಯಿಮಟ್ಟ ನೀರು ತುಂಬಿ ಆ ನೀರನ್ನು ತೂಗಬೇಕು. ಎಷ್ಟು ಗ್ರಾಂ ತೂಗುವುದೋ ಬಹುಮಟ್ಟಿಗೆ ಅಷ್ಟೇ ಮಿಲಿಲೀಟರು ಆ ಪಾತ್ರೆಯ ಅವಕಾಶ. ಪುಸ್ತಕದ ಅಂಕೆಗಿಂತ ಆ ಪಾತ್ರೆಯೇ ಹೆಚ್ಚಿನ ಸಾಕ್ಷಿ. ನಾಲ್ಕನೆಯದಾಗಿ, ಶಿಖೆಯಿದ್ದಿತೋ ಇಲ್ಲವೋ ಎಂಬುದನ್ನು ಕಾಣಿಸಬೇಕು. ಇವುಗಳಲ್ಲಿ ಯಾವುದು ತಿಳಿಯದಿದ್ದರೂ ಲೀಟರಿನ ಅಂಕೆಯನ್ನು ಬರೆಯದೆ 'ಇಷ್ಟು ಕೊಳಗ' ಎಂದು ಮೂಲದಲ್ಲಿರುವಂತೆಯೇ ಬಿಡುವುದು ಪ್ರಾಮಾಣಿಕವಾದ ಮಾರ್ಗ.

ಈ ಎಚ್ಚರವು ಗತಕಾಲಕ್ಕೆ ಮಾತ್ರ ಬೇಕಾದುದೆಂದು ಯಾರೂ ಎಣಿಸಬಾರದು. ೨೦೦೭ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಚಿಕ್ಕಬಳ್ಳಾಪುರದಲ್ಲಿ ಇಂದು ಜನರು ಅಳೆದು ಅಳೆದು ಎದುರುನೋಡುವ ವಸ್ತು ದವಸವಲ್ಲ, ನೀರು. ಬೆಂಗಳೂರಿನಿಂದ ಶುದ್ಧೀಕರಿಸಿದ ನೀರನ್ನು ಇಲ್ಲಿನ ಕೆರೆಗಳಿಗೆ ತರುವ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯ ಗುರಿಯನ್ನು ದಿನಕ್ಕೆ ೨೧೦ ದಶಲಕ್ಷ ಲೀಟರೆಂದು ಹೇಳುವರು. ಪಶ್ಚಿಮಘಟ್ಟದಿಂದ ನೀರು ತರುವ ಎತ್ತಿನಹೊಳೆಯ ಯೋಜನೆಯನ್ನು ೨೪.೦೧ ಟಿ.ಎಂ.ಸಿ. ಎಂದು ಹೇಳುವರು. ಟಿ.ಎಂ.ಸಿ. ಎಂದರೆ ನೂರುಕೋಟಿ ಘನ ಅಡಿ. ದೇಶವೆಲ್ಲ ಮೆಟ್ರಿಕ್ ಪದ್ಧತಿಗೆ ತಿರುಗಿದಮೇಲೂ ನದಿಗಳ ಲೆಕ್ಕವು ಇಂಗ್ಲಿಷರ ಅಡಿಯನ್ನು ಬಿಟ್ಟಿಲ್ಲ. ಒಂದು ಟಿ.ಎಂ.ಸಿ. ಸುಮಾರು ೨,೮೩೨ ಕೋಟಿ ಲೀಟರು. ದಿನಕ್ಕೆ ೨೧ ಕೋಟಿ ಲೀಟರು ವರ್ಷವೆಲ್ಲ ತಪ್ಪದೆ ಹರಿದರೆ ೭,೬೬೫ ಕೋಟಿ ಲೀಟರು, ಅಂದರೆ ಸುಮಾರು ೨.೭ ಟಿ.ಎಂ.ಸಿ. ಆಗುವುದು. ೨೧೦ ಎಂಬುದು ದೊಡ್ಡ ಅಂಕೆ, ೨೪ ಎಂಬುದು ಚಿಕ್ಕ ಅಂಕೆ ಎಂದು ಕಿವಿಗೆ ಕೇಳಿಸಿದರೂ ನಿಜವು ತಿರುಗುಮುರುಗು.

ಇಲ್ಲಿಯೂ ಕೊಳಗದ ಪ್ರಶ್ನೆಗಳೇ ಏಳುವುವು. ೨೧೦ ಎಂಬುದು ಮೂರು ಜಿಲ್ಲೆಗಳಿಗೆ ಸೇರಿದ ಮೊತ್ತ. ೨೪.೦೧ ಎಂಬುದು ಮಳೆಗಾಲದಲ್ಲಿ ಹೊಳೆಯ ಮೂಲದಲ್ಲಿ ಎತ್ತಬೇಕಾದ ಯೋಜನೆಯ ಮೊತ್ತ. ದಾರಿಯಲ್ಲಿ ಹಲವು ಜಿಲ್ಲೆಗಳು ಅದಕ್ಕೆ ಪಾಲುದಾರರು. ಒಂದು ದಿನದ ಲೆಕ್ಕ, ಒಂದು ವರ್ಷದ ಲೆಕ್ಕ; ಒಂದು ಹರಿಯಬೇಕಾದುದು, ಇನ್ನೊಂದು ಕೆರೆಗೆ ಬಂದು ಬೀಳುವುದು. ಹಿಂದೆ ಒಕ್ಕಲು ಕಣದಲ್ಲಿ ನಿಂತು 'ಯಾವ ಕೊಳಗ, ಶಿಖೆಯೊಡನೆಯೋ ಶಿಖೆಯಿಲ್ಲದೆಯೋ?' ಎಂದು ಕೇಳಬೇಕಾಗಿದ್ದಂತೆ, ಇಂದಿನ ರೈತನು 'ಯಾವ ಮಾನ, ಎಲ್ಲಿ ಅಳೆದುದು, ಎಷ್ಟು ದಿನದ್ದು?' ಎಂದು ಕೇಳಬೇಕಾಗಿದೆ.

ಒಂದು ಮಾನವನ್ನು ಇನ್ನೊಂದು ಮಾನಕ್ಕೆ ತಿರುಗಿಸುವುದು ಗಣಿತದ ಕೆಲಸವೆಂದು ಶಾಲೆಯಲ್ಲಿ ಕಲಿಸುವರು. ಅದು ಅರ್ಧ ಸತ್ಯ. ಗುಣಾಕಾರಕ್ಕೆ ಮೊದಲು ಪರೀಕ್ಷಿಸಬೇಕಾದ ಪಾತ್ರೆಯುಂಟು, ತುಂಬಿದ ವಸ್ತುವುಂಟು, ತುಂಬಿದ ಕೈಯುಂಟು. ಲೀಟರು ಈ ಸೀಮೆಗೆ ತಂದ ದೊಡ್ಡ ಉಪಕಾರವೆಂದರೆ ಹತ್ತರಿಂದ ಭಾಗಿಸುವ ಸೌಕರ್ಯವಲ್ಲ. ಕೊಡುವವನಿಗೂ ಕೊಳ್ಳುವವನಿಗೂ ಒಂದೇ ಪಾತ್ರೆ ಎಂಬ ನ್ಯಾಯ. ಆ ನ್ಯಾಯವು ಕಾನೂನಿನಿಂದ ಅರ್ಧ ಬರುವುದು. ಮಿಕ್ಕ ಅರ್ಧವು ಅಳತೆಯನ್ನು ಕೇಳಿ ತಿಳಿದು ಒಪ್ಪಿಕೊಳ್ಳುವ ಜನರಿಂದ ಬರಬೇಕು.